ಮನೆಯ ನ್ಯಾಸ್‌ಗೆ ಕುಟುಂಬದ ಫೋಟೋ, ಕಾಗದಪತ್ರ ಬ್ಯಾಕಪ್: ಫೋನ್ ಖಾಲಿ ಮಾಡುವ ಮುಂಚೆ ಮಾಡಬೇಕಾದ್ದೆಲ್ಲ, ಕ್ರಮವಾಗಿ

ನ್ಯಾಸ್ ಅಂದರೆ ಒಳಗೆ ಹಾರ್ಡ್ ಡಿಸ್ಕ್ ಇಟ್ಟು ಮನೆಯ ರೂಟರ್‌ಗೆ ಸೇರಿಸುವ ಡಬ್ಬ, ಮನೆಯವರೆಲ್ಲರ ಫೈಲು ಅದರಲ್ಲಿ ಇಡಬಹುದು. ಅದನ್ನು ಕೊಂಡವರಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಡಬ್ಬ ಮನೆಗೆ ಬರುತ್ತದೆ, ಒಂದು ಭಾನುವಾರ ಕೂತು ಎಲ್ಲರ ಫೋನಿನ ಫೋಟೋಗಳನ್ನೂ ಅದಕ್ಕೆ ತುಂಬಿಸುತ್ತಾರೆ, ಸಂಜೆಯ ಹೊತ್ತಿಗೆ ಫೋನ್ ಖಾಲಿ ಮಾಡುತ್ತಾರೆ. ಅಲ್ಲಿಗೆ ಹತ್ತು ವರ್ಷದ ಫೋಟೋ ಇರುವುದು ಒಂದೇ ಡಬ್ಬದಲ್ಲಿ. ಒಳಗೆ ಎರಡು ಡಿಸ್ಕ್ ಇದೆಯಲ್ಲ ಅನ್ನುವ ಧೈರ್ಯ. ಆದರೆ ಆ ಎರಡೂ ಡಿಸ್ಕ್ ಒಂದೇ ಪ್ಲಗ್ಗಿಗೆ ಸಿಕ್ಕಿಸಿದವು. ಸಿಡಿಲು ಹೊಡೆದರೆ ಎರಡಕ್ಕೂ ಹೊಡೆಯುತ್ತದೆ, ಕಳ್ಳ ಎತ್ತಿಕೊಂಡು ಹೋದರೆ ಎರಡೂ ಹೋಗುತ್ತವೆ, ಯಾರಾದರೂ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಫೋನಿನಿಂದ ಅಳಿಸುವುದು ಹತ್ತನೇ ಹಂತ. ಒಂಬತ್ತು ಮುಗಿಯುವ ತನಕ ಎಲ್ಲಿಂದಲೂ ಏನನ್ನೂ ಅಳಿಸಬೇಡಿ, ಹಳೆಯ ಲ್ಯಾಪ್‌ಟಾಪ್ ಕೂಡ ಯಾರಿಗೂ ಕೊಡಬೇಡಿ. ಉದಾಹರಣೆಗೆ ಸಿನಾಲಜಿ ಕಂಪನಿಯ ಎರಡು ಡಿಸ್ಕಿನ ಮಾಡೆಲ್ ಇಟ್ಟುಕೊಂಡಿದ್ದೇನೆ. ಕ್ಯೂನ್ಯಾಪ್, ಅಸಸ್ಟರ್ ಕಂಪನಿಯದು ಇದ್ದರೆ ಮೆನುವಿನ ಹೆಸರು ಬೇರೆ, ಕ್ರಮ ಇದೇ.

ಮೊದಲು ಕೈಗೆ ಬೇಕಾದವು

ನ್ಯಾಸ್ ಒಂದು, ಅದಕ್ಕೆ ಎರಡು ಹಾರ್ಡ್ ಡಿಸ್ಕ್. ಇವಲ್ಲದೆ ಹೊರಗಿನಿಂದ ಚುಚ್ಚುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಎರಡು. ಒಳ್ಳೆಯ ಕ್ಯಾಟ್ 6 ನೆಟ್‌ವರ್ಕ್ ಕೇಬಲ್, ಚಿಕ್ಕ ಯುಪಿಎಸ್, ಒಂದು ನೋಟ್‌ಬುಕ್. ಬಜೆಟ್ ಸಾಲದಿದ್ದರೆ ನ್ಯಾಸ್‌ನಲ್ಲಿ ಚಿಕ್ಕ ಮಾಡೆಲ್ ತಗೊಳ್ಳಿ, ಯುಎಸ್‌ಬಿ ಡಿಸ್ಕ್‌ಗಳನ್ನು ಮಾತ್ರ ಬಿಡಬೇಡಿ.

1. ಎಷ್ಟಿದೆ ಅಂತ ಅಳೆಯಿರಿ

ಎಲ್ಲರ ಫೋನಿನಲ್ಲೂ ಸ್ಟೋರೇಜ್ ತೆರೆದು ಫೋಟೋ, ವಿಡಿಯೋ ಎಷ್ಟು ಜಿಬಿ ಅಂತ ಬರೆದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್, ಪೆನ್ ಡ್ರೈವ್, ಮೆಮೊರಿ ಕಾರ್ಡ್, ಮದುವೆ ಫೋಟೋಗ್ರಾಫರ್ ಕೊಟ್ಟ ಡಿವಿಡಿ, ಗೂಗಲ್ ಫೋಟೋಸ್ ಖಾತೆ, ಎಲ್ಲವೂ ಲೆಕ್ಕಕ್ಕೆ ಬರಲಿ. ಡಿವಿಡಿಗಳು ವರ್ಷ ಕಳೆದಂತೆ ಓದಲು ಬಾರದೆ ಹೋಗುತ್ತವೆ, ಅವನ್ನು ಮೊದಲು ಕಾಪಿ ಮಾಡಿ.

ಬಂದ ಮೊತ್ತದ ಮೂರು ಪಟ್ಟು ಜಾಗ ಇಟ್ಟುಕೊಳ್ಳಿ. ಒಟ್ಟು 1 ಟಿಬಿ ಇದ್ದರೆ 4 ಟಿಬಿಯ ಎರಡು ಡಿಸ್ಕ್ ಸಾಕು. ಡಿಸ್ಕ್‌ಗಳನ್ನು ಜೋಡಿಸಿ ಬಳಸುವ ವಿಧಾನಕ್ಕೆ ರೇಡ್ ಅನ್ನುತ್ತಾರೆ. ರೇಡ್ 1 ಅಂದರೆ ಎರಡರಲ್ಲೂ ಅದೇ ಮಾಹಿತಿ, ಹಾಗಾಗಿ ಸಿಗುವುದು 8 ಅಲ್ಲ, 4. ಅದೂ ಪರದೆಯ ಮೇಲೆ 3.6 ಅಂತ ಕಾಣುತ್ತದೆ. ಕಂಪನಿ 1000ದ ಲೆಕ್ಕದಲ್ಲಿ ಮಾರುತ್ತದೆ, ನ್ಯಾಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ, ಅಷ್ಟೇ. ಡಿಸ್ಕ್ ಕೆಟ್ಟಿಲ್ಲ.

2. ಡಿಸ್ಕ್ ಆರಿಸಿ, ಪರೀಕ್ಷೆ ಮಾಡಿ, ಆಮೇಲೆ ತುಂಬಿಸಿ

ಡಿಸ್ಕ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಸಿಎಂಆರ್ ಆ, ಎಸ್‌ಎಂಆರ್ ಆ? ಇವು ಡಿಸ್ಕ್ ಒಳಗೆ ಬರೆಯುವ ಎರಡು ವಿಧಾನ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಬರೆಯುವ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಒಂದನ್ನು ಬದಲಿಸಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಸಿಎಂಆರ್‌ನಲ್ಲಿ ಹಾಗಿಲ್ಲ. ಸುಮ್ನೆ ಫೈಲ್ ಇಡಲು ತೊಂದರೆ ಇಲ್ಲ, ಆದರೆ ಕೆಟ್ಟ ಡಿಸ್ಕ್ ಬದಲಿಸಿ ಹೊಸದಕ್ಕೆ ಎಲ್ಲವನ್ನೂ ಮತ್ತೆ ಬರೆಯುವಾಗ ಇದು ತೀರಾ ನಿಧಾನವಾಗುತ್ತದೆ, ಕೆಲವೊಮ್ಮೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಅಂತ ಹೊರಬಂದಾಗ ದೊಡ್ಡ ಗದ್ದಲವೇ ಆಗಿತ್ತು. ಅದೇ ಕಂಪನಿಯ ರೆಡ್ ಪ್ಲಸ್, ಸೀಗೇಟ್‌ನ ಐರನ್‌ವುಲ್ಫ್ ಸಿಎಂಆರ್. ಇವೆರಡರಲ್ಲಿ ಯಾವುದಾದರೂ ಆಗುತ್ತದೆ. ಒಂದೇ ದಿನ ತಯಾರಾದ ಡಿಸ್ಕ್‌ಗಳು ಒಟ್ಟಿಗೇ ಕೆಡುವ ಸಾಧ್ಯತೆ ಇರುವುದರಿಂದ ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳಿ. ಕೈಗೆ ಬಂದ ದಿನವೇ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ಭಾರತದ ವಾರಂಟಿ ಇದೆಯಾ ನೋಡಿ.

ಡಿಸ್ಕ್ ಸಿಕ್ಕಿಸಿ ಶುರು ಮಾಡುವಾಗ ಎಸ್‌ಎಚ್‌ಆರ್ (ಸಿನಾಲಜಿಯದೇ ಆದ ರೇಡ್) ಅಥವಾ ರೇಡ್ 1 ಆರಿಸಿ. ಎರಡನೇ ಪ್ರತಿಯೇ ಇಡದ ರೇಡ್ 0, ಜೆಬಾಡ್ ಬೇಡವೇ ಬೇಡ, ಜಾಗ ಜಾಸ್ತಿ ಸಿಗುತ್ತದೆ ಅನ್ನುವ ಆಸೆಗೆ ಬೀಳಬೇಡಿ. ಫೈಲ್ ಸಿಸ್ಟಂ ಕೇಳಿದಾಗ ಬಿಟಿಆರ್‌ಎಫ್‌ಎಸ್ ಒತ್ತಿ. ಸ್ನ್ಯಾಪ್‌ಶಾಟ್, ಅಂದರೆ ಫೈಲುಗಳು ಒಂದು ಹೊತ್ತಿನಲ್ಲಿ ಹೇಗಿದ್ದವೋ ಹಾಗೇ ಹಿಡಿದಿಡುವ ಸೌಲಭ್ಯ, ಸಿಗುವುದು ಅದರಲ್ಲಿ. ಕಡಿಮೆ ಬೆಲೆಯ ಕೆಲವು ಹಳೆಯ ಮಾಡೆಲ್‌ಗಳಲ್ಲಿ ಇದು ಇಲ್ಲ, ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಈಗ ನ್ಯಾಸ್‌ನ ಸ್ಟೋರೇಜ್ ಮ್ಯಾನೇಜರ್‌ಗೆ ಹೋಗಿ ಎರಡೂ ಡಿಸ್ಕ್‌ಗೆ ಸ್ಮಾರ್ಟ್ ಎಕ್ಸ್‌ಟೆಂಡೆಡ್ ಟೆಸ್ಟ್ ಹಾಕಿ, ಡಿಸ್ಕ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುತ್ತದೆ. 4 ಟಿಬಿಗೆ ಒಂದು ಇಡೀ ರಾತ್ರಿ ಬೇಕಾಗಬಹುದು. ಬೆಳಿಗ್ಗೆ ಎದ್ದು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗಕ್ಕೆ ಹೋದ ತುಣುಕುಗಳು), ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾಗುತ್ತಿರುವ ತುಣುಕುಗಳು) ಅನ್ನುವ ಎರಡು ಸಾಲು ನೋಡಿ. ಹೊಸ ಡಿಸ್ಕ್‌ನಲ್ಲಿ ಎರಡೂ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಅಂಗಡಿಗೆ ವಾಪಸ್ ಮಾಡಿ. ಖಾಲಿ ಇರುವಾಗ ಬದಲಿಸುವುದು ಸುಲಭ.

3. ಜಾಗ, ಕರೆಂಟ್, ಕೇಬಲ್

ಟಿವಿ ಯೂನಿಟ್‌ನ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಬಿಸಿ ಹೊರಗೆ ಹೋಗುವುದಿಲ್ಲ. ನೆಲದ ಮೇಲೂ ಬೇಡ: ಧೂಳು, ನೆಲ ಒರೆಸುವ ನೀರು, ಇರುವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ತಂಡಿಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಡಿಸ್ಕ್‌ನ ಬಿಸಿ 30ರಿಂದ 45 ಡಿಗ್ರಿ ಒಳಗೆ ಇದ್ದರೆ ಒಳ್ಳೆಯದು, 50 ದಾಟಿದರೆ ಜಾಗ ಬದಲಿಸಿ.

ಕರೆಂಟ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಮ್ಮ ಕಡೆ ಡಿಸ್ಕ್‌ಗೂ ಫೈಲಿಗೂ ಜಾಸ್ತಿ ಏಟು ಬೀಳುವುದು ಇಲ್ಲಿಂದಲೇ. ಬರೆಯುತ್ತಿರುವಾಗ ಫಟ್ ಅಂತ ಕರೆಂಟ್ ಹೋದರೆ ಅರ್ಧ ಬರೆದ ಫೈಲ್ ಹಾಳಾಗುತ್ತದೆ, ಕೆಲವೊಮ್ಮೆ ಇಡೀ ವಾಲ್ಯೂಮ್ (ಫೈಲುಗಳೆಲ್ಲ ಇರುವ ಜಾಗ) ಕ್ರ್ಯಾಶ್ ಅಂತ ತೋರಿಸುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಅದು ನ್ಯಾಸ್‌ಗೆ ಕರೆಂಟ್ ಹೋಯಿತು ಅಂತ ಹೇಳುವುದಿಲ್ಲ, ಬ್ಯಾಟರಿ ಮುಗಿದ ಕೂಡಲೇ ನ್ಯಾಸ್ ಧಡಕ್ಕನೆ ನಿಲ್ಲುತ್ತದೆ. ಆದ್ದರಿಂದ ಯುಎಸ್‌ಬಿ ಡೇಟಾ ಪೋರ್ಟ್ ಇರುವ ಯುಪಿಎಸ್ ತಗೊಳ್ಳಿ. ಅಂಗಡಿಯಲ್ಲಿ ಸಿಗುವ ಅಗ್ಗದ 600 ವಿಎ ಮಾಡೆಲ್‌ಗಳಲ್ಲಿ ಹಲವಕ್ಕೆ ಈ ಪೋರ್ಟ್ ಇರುವುದಿಲ್ಲ, ತಿರುಗಿಸಿ ಹಿಂಭಾಗ ನೋಡಿ. ನಿಮ್ಮ ನ್ಯಾಸ್ ಕಂಪನಿಯ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ಅಂತಲೂ ನೋಡಿ. ಕೇಬಲನ್ನು ನ್ಯಾಸ್‌ಗೆ ಚುಚ್ಚಿ, ಕಂಟ್ರೋಲ್ ಪ್ಯಾನೆಲ್‌ನ ಹಾರ್ಡ್‌ವೇರ್ ಮತ್ತು ಪವರ್ ಭಾಗದಲ್ಲಿ ಯುಪಿಎಸ್ ಆನ್ ಮಾಡಿ, ಕರೆಂಟ್ ಹೋದ ಐದು ನಿಮಿಷಕ್ಕೆ ಸೇಫ್ ಮೋಡ್‌ಗೆ, ಅಂದರೆ ಬರೆಯುವುದನ್ನು ಮುಗಿಸಿ ಸುರಕ್ಷಿತವಾಗಿ ನಿಲ್ಲುವ ಸ್ಥಿತಿಗೆ, ಹೋಗಲಿ ಅಂತ ಹೇಳಿ. ಡಿಸ್ಕ್ ಇನ್ನೂ ಖಾಲಿ ಇರುವಾಗಲೇ ಯುಪಿಎಸ್‌ನ ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ನ್ಯಾಸ್ ತಾನಾಗಿ ಮೆಲ್ಲಗೆ ನಿಲ್ಲಬೇಕು. ಗುಡುಗು ಸಿಡಿಲು ಜೋರಾದರೆ ನ್ಯಾಸ್ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಡಿ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎರಡು ಡಿಸ್ಕಿನ ನ್ಯಾಸ್ ಸುಮಾರು 15ರಿಂದ 20 ವ್ಯಾಟ್ ತಿನ್ನುತ್ತದೆ. ದಿನವಿಡೀ ಓಡಿದರೂ ತಿಂಗಳಿಗೆ 11ರಿಂದ 15 ಯೂನಿಟ್.

ನ್ಯಾಸ್‌ನಿಂದ ರೂಟರ್‌ಗೆ ಕೇಬಲ್ಲೇ ಇರಲಿ. ಕಾಪಿ ವೇಗ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲೇ ಅಂಟಿ ಕೂತರೆ ನ್ಯಾಸ್ ಕೆಟ್ಟಿದೆ ಅಂತ ಬೈಯಬೇಡಿ. ಅದು 100 ಎಂಬಿಪಿಎಸ್ ಲಿಂಕ್‌ನ ಗುರುತು. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಸರಿಯಾಗಿರಬೇಕು, ಒಂದು ತುಂಡಾಗಿದ್ದರೂ ವೇಗ ತಾನಾಗಿ 100ಕ್ಕೆ ಇಳಿಯುತ್ತದೆ. ಕೇಬಲ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಸರಿಯಾದರೆ 100ರಿಂದ 110 ಎಂಬಿ ಬರುತ್ತದೆ.

4. ಖಾತೆ, ಪಾಸ್‌ವರ್ಡ್, ಹೊರಬಾಗಿಲು

ರೂಟರ್‌ನ ಡಿಎಚ್‌ಸಿಪಿ ರಿಸರ್ವೇಶನ್ ಅನ್ನುವ ಸೆಟ್ಟಿಂಗ್‌ನಲ್ಲಿ ನ್ಯಾಸ್‌ಗೆ ಮನೆಯ ನೆಟ್‌ವರ್ಕ್‌ನ ಒಂದು ಖಾಯಂ ವಿಳಾಸ ಕೊಡಿ, 192.168.1.50 ಅನ್ನುವ ಹಾಗೆ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಬಹುದು, "ನಿನ್ನೆ ಬರ್ತಿತ್ತು, ಇವತ್ತು ಕಾಣ್ತಿಲ್ಲ" ಅನ್ನುವ ಫಜೀತಿ ಶುರುವಾಗುತ್ತದೆ.

ಅಡ್ಮಿನ್ ಅನ್ನುವ ಹೆಸರಿನ ಖಾತೆ ಚಾಲ್ತಿಯಲ್ಲಿದ್ದರೆ ನಿಲ್ಲಿಸಿ. ಬೇರೆ ಹೆಸರಿನಲ್ಲಿ ಮೇಲ್ವಿಚಾರಕ ಖಾತೆ ಮಾಡಿ, ಉದ್ದದ ಪಾಸ್‌ವರ್ಡ್ ಜೊತೆಗೆ ಎರಡು ಹಂತದ ಲಾಗಿನ್ ಹಾಕಿ. ದಿನನಿತ್ಯಕ್ಕೆ ನಿಮಗೂ ಸೇರಿಸಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಾಮಾನ್ಯ ಖಾತೆ. ಎಲ್ಲರೂ ಮೇಲ್ವಿಚಾರಕ ಖಾತೆಯಲ್ಲೇ ಓಡಾಡಿದರೆ ಒಂದು ಲ್ಯಾಪ್‌ಟಾಪ್‌ಗೆ ಬಂದ ವೈರಸ್ ಇಡೀ ಮನೆಯ ಫೈಲುಗಳ ಮೇಲೆ ಕೈಯಾಡಿಸುತ್ತದೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಖಾತೆ ನಂಬಿಕೊಳ್ಳಬೇಡಿ. ಹೊಸ ವಿಂಡೋಸ್ 11ರಲ್ಲಿ ಅದು ತೆರೆಯುವುದೂ ಕಷ್ಟ.

ಹೊರಗಿನಿಂದ ನೋಡಬೇಕು ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವವರು, ಅಂದರೆ ಇಂಟರ್ನೆಟ್‌ನಿಂದ ನ್ಯಾಸ್‌ಗೆ ನೇರ ಬಾಗಿಲು ತೆರೆಯುವವರು, ಬಹಳ ಜನ. ದಯವಿಟ್ಟು ಮಾಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಡಬ್ಬಗಳನ್ನು ಹುಡುಕಿ ಹುಡುಕಿ ಒಳಗಿನ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತ್ತು. ಅದರ ಬದಲು ನ್ಯಾಸ್‌ಗೂ ಫೋನ್‌ಗೂ ಟೇಲ್‌ಸ್ಕೇಲ್ ಅನ್ನುವ ಆ್ಯಪ್ ಹಾಕಿ, ನಿಮ್ಮ ಸಾಧನಗಳಿಗೆ ಮಾತ್ರ ದಾರಿ ತೆರೆಯುತ್ತದೆ. ಒಂದೇ ಐಪಿ ವಿಳಾಸವನ್ನು ಹಲವು ಮನೆಗೆ ಹಂಚುವ ಫೈಬರ್ ಕನೆಕ್ಷನ್‌ಗಳಲ್ಲೂ ಇದು ನಡೆಯುತ್ತದೆ. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ಕೇಳಿದಾಗ ಇಂಥ ಬಾಗಿಲನ್ನು ತಾನಾಗಿ ತೆರೆಯುವ ಸೌಲಭ್ಯ) ಇದ್ದರೆ ಆಫ್ ಮಾಡಿ.

5. ಫೋಲ್ಡರ್ ಮೂರೇ ಸಾಕು

ಫೋಟೋ, ಕಾಗದಪತ್ರ, ಹಳೆಯದು. ಇಷ್ಟೇ. ಯೂಸರ್ ಹೋಮ್ ಸೇವೆಯನ್ನು ಆನ್ ಮಾಡಿ, ಆಗ ಪ್ರತಿಯೊಬ್ಬರಿಗೂ ಹೋಮ್ ಅನ್ನುವ ಸ್ವಂತ ಜಾಗ ಸಿಗುತ್ತದೆ. ಕಾಗದಪತ್ರ ಫೋಲ್ಡರ್‌ನಲ್ಲಿ ಕ್ರಯಪತ್ರ, ಪಹಣಿ, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್, ವಿಮೆಯ ಸ್ಕ್ಯಾನ್‌ಗಳು ಇರಲಿ. ಅದನ್ನು ತೆರೆಯುವ ಅನುಮತಿ ಇಬ್ಬರು ಹಿರಿಯರಿಗೆ ಮಾತ್ರ ಸಾಕು, ಉಳಿದವರಿಗೆ ಓದುವ ಅನುಮತಿಯೂ ಬೇಡ. ಅಜ್ಜಿಯ ಹಾಡು, ತಾತ ಹೇಳಿದ ಕತೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಸಾಮಾನ್ಯವಾಗಿ ರೆಕಾರ್ಡರ್ ಆ್ಯಪ್ ಒಳಗೇ ಉಳಿದುಬಿಡುತ್ತದೆ, ಫೋಟೋ ಬ್ಯಾಕಪ್ ಅದನ್ನು ಮುಟ್ಟುವುದೇ ಇಲ್ಲ. ಅವನ್ನು ಹುಡುಕಿ ಕೈಯಾರೆ ತಂದು ಇಲ್ಲಿ ಹಾಕಿ.

ಈಗ ನ್ಯಾಸ್‌ನಲ್ಲಿ ಸ್ನ್ಯಾಪ್‌ಶಾಟ್ ರೆಪ್ಲಿಕೇಶನ್ ಅನ್ನುವ ಆ್ಯಪ್ ಹಾಕಿ, ಎಲ್ಲ ಫೋಲ್ಡರ್‌ಗೂ ದಿನಕ್ಕೊಂದು ಸ್ನ್ಯಾಪ್‌ಶಾಟ್, 30 ದಿನ ಉಳಿಯಲಿ. ಫೈಲ್ ತಪ್ಪಿ ಅಳಿದರೂ, ಲ್ಯಾಪ್‌ಟಾಪ್‌ನಿಂದ ರ‍್ಯಾನ್ಸಮ್‌ವೇರ್ ಬಂದು ಬರೆದುಹಾಕಿದರೂ, ಹಿಂದಿನ ದಿನದ ಪ್ರತಿ ಅಲ್ಲೇ ಸಿಗುತ್ತದೆ. ಇದು ತುಂಬಿಸುವ ಮುಂಚೆ ಆಗಬೇಕಾದ ಕೆಲಸ.

6. ಹಳೆಯದನ್ನು ತುಂಬಿಸುವುದು

ಕಾಪಿ ಮಾತ್ರ, ಕಟ್ ಬೇಡ. ವಿಂಡೋಸ್‌ನಲ್ಲಿ ಟೆರಾಕಾಪಿ ಅನ್ನುವ ಕಾಪಿ ಸಾಫ್ಟ್‌ವೇರ್ ಬಳಸಿ, ಕಾಪಿ ಸರಿಯಾಗಿದೆಯಾ ಅಂತ ಹೋಲಿಸುವ ವೆರಿಫೈ ಆಯ್ಕೆ ಆನ್ ಇರಲಿ. ಪ್ರತಿ ಮೂಲಕ್ಕೂ ಒಂದು ಫೋಲ್ಡರ್ ಮಾಡಿ: "ಅಪ್ಪನ ಹಳೆ ಲ್ಯಾಪ್‌ಟಾಪ್", "ಕೆಂಪು ಪೆನ್ ಡ್ರೈವ್". ವಿಂಗಡಣೆ, ಡೂಪ್ಲಿಕೇಟ್ ತೆಗೆಯುವುದು ಈಗ ಬೇಡ. ಬಹಳ ಜನರ ಕೆಲಸ ಅರ್ಧಕ್ಕೆ ನಿಲ್ಲುವುದು ಇಲ್ಲೇ: ಒಂದೇ ಫೋಟೋದ ನಾಲ್ಕು ಪ್ರತಿ ನೋಡಿ ಸಹಿಸಲಾಗದೆ ಅಳಿಸಲು ಕೂರುತ್ತಾರೆ, ಆತುರದಲ್ಲಿ ಮೂಲ ಫೋಟೋ ಹೋಗಿ ವಾಟ್ಸ್ಯಾಪ್‌ನಲ್ಲಿ ಬಂದ ಚಿಕ್ಕ ಪ್ರತಿ ಉಳಿಯುತ್ತದೆ.

ಗೂಗಲ್ ಫೋಟೋಸ್‌ನಿಂದ ತರಲು ಗೂಗಲ್‌ನದೇ ಡೌನ್‌ಲೋಡ್ ಸೇವೆಯಾದ ಟೇಕ್‌ಔಟ್ ಬಳಸಿ. ತುಂಡಿನ ಗಾತ್ರ 10 ಅಥವಾ 50 ಜಿಬಿ ಆರಿಸಿ, ಇಲ್ಲದಿದ್ದರೆ 2 ಜಿಬಿಯ ನೂರಾರು ಜಿಪ್ ಬರುತ್ತವೆ. ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತದೆ. ಜಿಪ್ ಒಳಗೆ ಫೋಟೋ ಪಕ್ಕ ಜೇಸನ್ ಅನ್ನುವ ಚಿಕ್ಕ ಫೈಲುಗಳು ಕಾಣುತ್ತವೆ, ಕಸ ಅಂತ ಅಳಿಸಬೇಡಿ. ನೀವು ತಿದ್ದಿದ ತಾರೀಖು, ಜಾಗ, ವಿವರಣೆ ಇರುವುದು ಅದರಲ್ಲಿ. ಹಿಂದೆ ಸ್ಟೋರೇಜ್ ಸೇವರ್ ಹಾಕಿಕೊಂಡಿದ್ದರೆ ಗೂಗಲ್‌ನಲ್ಲಿ ಇರುವುದು ಕುಗ್ಗಿಸಿದ ಪ್ರತಿ. ಮೂಲ ಇನ್ನೂ ಫೋನಿನಲ್ಲಿದ್ದರೆ ಅದನ್ನೇ ತನ್ನಿ.

7. ಫೋನುಗಳು

ಪ್ರತಿಯೊಬ್ಬರ ಫೋನಿಗೂ ಸಿನಾಲಜಿ ಫೋಟೋಸ್ ಆ್ಯಪ್ ಹಾಕಿ, ಅವರವರ ಖಾತೆಯಲ್ಲೇ ಲಾಗಿನ್ ಮಾಡಿಸಿ, ವೈಫೈ ಇದ್ದಾಗ ಮಾತ್ರ ಬ್ಯಾಕಪ್ ಅಂತ ಆರಿಸಿ. ಮೊದಲ ಸಲ ರಾತ್ರಿ ಚಾರ್ಜ್‌ಗೆ ಹಾಕಿ, ಆ್ಯಪ್ ತೆರೆದೇ ಇಡಿ.

ಎರಡು ದಿನದ ನಂತರ "ಆಗ್ತಿಲ್ಲ" ಅನ್ನುವ ದೂರು ಬರುತ್ತದೆ. ಕಾರಣ ಹೆಚ್ಚಾಗಿ ಫೋನಿನ ಬ್ಯಾಟರಿ ಉಳಿತಾಯ. ಶಿಯೋಮಿ, ವಿವೋ, ಒಪ್ಪೊ ಫೋನುಗಳು ಹಿಂದೆ ಓಡುವ ಆ್ಯಪ್‌ಗಳನ್ನು ಕೊಂದುಹಾಕುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿಯಲ್ಲಿ ನಿರ್ಬಂಧ ಇಲ್ಲ ಅಂತ ಆರಿಸಿ. ಐಫೋನ್‌ನಲ್ಲಿ ಆಪ್ಟಿಮೈಸ್ ಸ್ಟೋರೇಜ್ ಆನ್ ಇದ್ದರೆ ಮೂಲ ಫೋಟೋ ಫೋನಿನಲ್ಲೇ ಇರುವುದಿಲ್ಲ, ಐಕ್ಲೌಡ್‌ನಿಂದ ಇಳಿದು ಬಂದ ಮೇಲಷ್ಟೇ ನ್ಯಾಸ್‌ಗೆ ಹೋಗಬೇಕು. ಜಾಸ್ತಿ ಹೊತ್ತು ಹಿಡಿಯುತ್ತದೆ, ಬಿಡದೆ ನೋಡಿಕೊಳ್ಳಿ.

ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಫೋಲ್ಡರ್ ಮಾತ್ರ ಆಯ್ಕೆಯಾಗಿರುವುದುಂಟು. ವಾಟ್ಸ್ಯಾಪ್ ಫೋಲ್ಡರ್ ಕೂಡ ಬೇಕಾ ಅಂತ ಮನೆಯವರನ್ನು ಕೇಳಿ. ಗುಡ್ ಮಾರ್ನಿಂಗ್ ಚಿತ್ರಗಳ ಜೊತೆ ಅದೇ ಜಾಗದಲ್ಲಿ ಮೊಮ್ಮಗುವಿನ ಮೊದಲ ಹೆಜ್ಜೆಯ ವಿಡಿಯೋ ಇರುತ್ತದೆ, ಅಲ್ವಾ. ನನ್ನ ಪ್ರಕಾರ ಸೇರಿಸುವುದೇ ಸರಿ.

8. ನ್ಯಾಸ್‌ನ ಬ್ಯಾಕಪ್

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. 3-2-1 ಅನ್ನುವ ಈ ಲೆಕ್ಕ ಹಳೆಯದು, ಮನೆಗೂ ಚೆನ್ನಾಗಿ ಒಪ್ಪುತ್ತದೆ.

ಮೊದಲ ಯುಎಸ್‌ಬಿ ಡಿಸ್ಕ್ ಚುಚ್ಚಿ ನ್ಯಾಸ್‌ನಲ್ಲಿ ಹೈಪರ್ ಬ್ಯಾಕಪ್ ಅನ್ನುವ ಸಿನಾಲಜಿಯ ಆ್ಯಪ್ ತೆರೆಯಿರಿ. ಸಿಂಗಲ್ ವರ್ಷನ್ ಆರಿಸಿದರೆ ಫೈಲುಗಳು ಇದ್ದ ಹಾಗೆಯೇ ಕಾಪಿ ಆಗುತ್ತವೆ, ಡಿಸ್ಕನ್ನು ಎಕ್ಸ್‌ಫ್ಯಾಟ್ ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಯಾವ ಲ್ಯಾಪ್‌ಟಾಪ್‌ಗೆ ಚುಚ್ಚಿದರೂ ತೆರೆಯುತ್ತದೆ. ಮಲ್ಟಿ ವರ್ಷನ್‌ನಲ್ಲಿ ಹಿಂದಿನ ತಾರೀಖಿನ ಪ್ರತಿಗಳೂ ಉಳಿಯುತ್ತವೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ತೆರೆಯಲು ಹೈಪರ್ ಬ್ಯಾಕಪ್ ಎಕ್ಸ್‌ಪ್ಲೋರರ್ ಅನ್ನುವ ಸಾಫ್ಟ್‌ವೇರ್ ಬೇಕು. ಒಂದು ಡಿಸ್ಕ್‌ಗೆ ಒಂದು ಬಗೆ ಮಾಡಿ. ಸಿಂಗಲ್ ವರ್ಷನ್ ಇರುವುದನ್ನು ಊರಿನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ, ನಿಮಗೆ ಹುಷಾರಿಲ್ಲದಾಗಲೂ ಬೇರೆಯವರು ತೆರೆಯಬಹುದು. ಹಬ್ಬಕ್ಕೆ ಹೋದಾಗಲೆಲ್ಲ ತಂದು ಹೊಸದನ್ನು ಸೇರಿಸಿ ವಾಪಸ್ ಇಡಿ. ಮನೆಯಲ್ಲಿರುವ ಡಿಸ್ಕನ್ನೂ ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟ ಡಿಸ್ಕ್‌ಗೂ ನ್ಯಾಸ್‌ಗೂ ಆಪತ್ತು ಒಟ್ಟಿಗೇ ಬರುತ್ತದೆ.

ಈ ಹಂತದಲ್ಲಿ ಒಂದು ದೊಡ್ಡ ಹೊಂಡ ಇದೆ. ಯಾವ ಫೋಲ್ಡರ್ ಬ್ಯಾಕಪ್ ಆಗಬೇಕು ಅಂತ ಕೇಳಿದಾಗ ಜನ ಫೋಟೋ, ಕಾಗದಪತ್ರ ಅಂತ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಆದರೆ ಫೋನಿನಿಂದ ಬಂದ ಫೋಟೋಗಳು ಕೂತಿರುವುದು ಪ್ರತಿಯೊಬ್ಬರ ಹೋಮ್ ಒಳಗೆ, ಅಂದರೆ ಹೋಮ್ಸ್ ಅನ್ನುವ ಫೋಲ್ಡರ್‌ನಲ್ಲಿ. ಅದಕ್ಕೆ ಟಿಕ್ ಇಲ್ಲದಿದ್ದರೆ ಬ್ಯಾಕಪ್ ಯಶಸ್ವಿ ಅಂತ ಹಸಿರು ಗುರುತು ಬರುತ್ತದೆ, ಒಳಗೆ ಫೋನಿನ ಒಂದು ಫೋಟೋವೂ ಇರುವುದಿಲ್ಲ. ಸ್ನ್ಯಾಪ್‌ಶಾಟ್‌ಗೂ ಇದೇ ಮಾತು. ಹೋಮ್ಸ್ ಸೇರಿದೆಯಾ ಅಂತ ಎರಡು ಸಲ ನೋಡಿ.

ಕ್ಲೌಡ್‌ಗೂ ಹಾಕಬೇಕು ಅನ್ನಿಸಿದರೆ ಬ್ಯಾಕ್‌ಬ್ಲೇಜ್ ಬಿ2, ಸಿನಾಲಜಿ ಸಿ2 ತರಹದ ಸೇವೆಗಳಿವೆ. 50 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 1 ಟಿಬಿ ಹೋಗಲು ಕಡಿಮೆ ಅಂದರೂ 44 ಗಂಟೆ. ನಮ್ಮ ಹಲವು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಮಿತಿ ಇರುವುದರಿಂದ ಅದನ್ನೂ ಲೆಕ್ಕ ಹಾಕಿ. ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ ಬೀಗ) ಹಾಕಿದರೆ ಅದರ ಪಾಸ್‌ವರ್ಡ್, ಕೀ ಫೈಲ್ ನ್ಯಾಸ್‌ನ ಹೊರಗೆ ಇರಲೇಬೇಕು. ಅದು ಕಳೆದರೆ ಕಂಪನಿಯವರೂ ತೆರೆದುಕೊಡಲಾರರು. ಮಕ್ಕಳು ಹೊರದೇಶದಲ್ಲಿದ್ದರೆ ಅವರ ಮನೆಯಲ್ಲೂ ಒಂದು ನ್ಯಾಸ್ ಇಟ್ಟು ಟೇಲ್‌ಸ್ಕೇಲ್ ಮೂಲಕ ಪರಸ್ಪರ ಬ್ಯಾಕಪ್ ಹಾಕಿಕೊಳ್ಳಬಹುದು.

ಸಿಂಕ್ ಮತ್ತು ಬ್ಯಾಕಪ್ ಬೇರೆ ಬೇರೆ. ಸಿಂಕ್‌ನಲ್ಲಿ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ.

9. ವಾಪಸ್ ತೆಗೆದು ನೋಡಿ

ನ್ಯಾಸ್ ಶಟ್‌ಡೌನ್ ಮಾಡಿ. ಯುಎಸ್‌ಬಿ ಡಿಸ್ಕನ್ನು ನ್ಯಾಸ್‌ಗೆ ಸಂಬಂಧವೇ ಇಲ್ಲದ ಒಂದು ಲ್ಯಾಪ್‌ಟಾಪ್‌ಗೆ ಚುಚ್ಚಿ. ಹಳೆಯ ವರ್ಷದ ಒಂದು ಫೋಟೋ, ಹೋದ ವಾರದ ಒಂದು ಫೋಟೋ, ಉದ್ದದ ಒಂದು ವಿಡಿಯೋ ಕೊನೆಯವರೆಗೆ, ಕ್ರಯಪತ್ರದ ಪಿಡಿಎಫ್, ಇಷ್ಟನ್ನು ತೆರೆಯಿರಿ. ಪ್ರತಿಯೊಬ್ಬರ ಫೋನಿನಿಂದಲೂ ಒಂದೊಂದು ಫೋಟೋ ಸಿಗಬೇಕು. ಮಲ್ಟಿ ವರ್ಷನ್ ಡಿಸ್ಕ್‌ನಿಂದ ಒಂದು ಫೋಲ್ಡರ್ ರಿಸ್ಟೋರ್ ಮಾಡಿ.

ನ್ಯಾಸ್ ಸತ್ತರೆ ಒಳಗಿನ ಡಿಸ್ಕನ್ನು ವಿಂಡೋಸ್‌ಗೆ ಚುಚ್ಚಿ ಓದಬಹುದು ಅಂದುಕೊಳ್ಳಬೇಡಿ. ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳುತ್ತದೆ, ಗಾಬರಿಯಲ್ಲಿ ಹೌದು ಒತ್ತಿದರೆ ಮುಗಿಯಿತು. ಅದಕ್ಕೆ ಇನ್ನೊಂದು ಸಿನಾಲಜಿ ಅಥವಾ ಲಿನಕ್ಸ್ ಬೇಕು.

ನೋಟ್‌ಬುಕ್‌ನಲ್ಲಿ ವಿಳಾಸ, ಖಾತೆ ಹೆಸರು, ಪಾಸ್‌ವರ್ಡ್, ಡಿಸ್ಕ್‌ಗಳ ಸೀರಿಯಲ್ ನಂಬರ್, ಯಾವ ಡಿಸ್ಕ್ ಯಾರ ಮನೆಯಲ್ಲಿದೆ, ಎಲ್ಲವನ್ನೂ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ. ಮನೆಯ ಇನ್ನೊಬ್ಬರು ಅದನ್ನು ಓದಿಕೊಂಡು ನಿಮ್ಮನ್ನು ಕೇಳದೆ ಒಂದು ಫೋಟೋ ತೆರೆಯಬೇಕು. ತೆರೆಯಲಾಗದಿದ್ದರೆ ಬರೆದಿದ್ದು ಸಾಲದು, ಇನ್ನಷ್ಟು ಬಿಡಿಸಿ ಬರೆಯಿರಿ.

10. ಈಗ ಫೋನ್ ಖಾಲಿ ಮಾಡಬಹುದು

ಆ್ಯಪ್‌ನಲ್ಲಿರುವ ಫ್ರೀ ಅಪ್ ಸ್ಪೇಸ್ ಬಳಸಿ, ಬ್ಯಾಕಪ್ ಆದದ್ದನ್ನು ಮಾತ್ರ ಅದು ತೆಗೆಯುತ್ತದೆ. ಆದರೆ ಐಫೋನ್‌ನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋನಿನಲ್ಲಿ ಅಳಿಸಿದ್ದು ಐಕ್ಲೌಡ್‌ನಿಂದಲೂ ಹೋಗುತ್ತದೆ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೂ ಹಾಗೇ. ಇತ್ತೀಚಿನ ಒಂದು ವರ್ಷದ್ದನ್ನು ಫೋನಿನಲ್ಲೇ ಬಿಡಿ, ಹಳೆಯದನ್ನು ಮಾತ್ರ ತೆಗೆಯಿರಿ.

ಈ ಗುರುತು ಕಂಡರೆ ಕೆಲಸ ನಿಲ್ಲಿಸಿ

ಇಮೇಲ್ ಸೂಚನೆ ಮೊದಲ ದಿನವೇ ಆನ್ ಮಾಡಿ, ಪರೀಕ್ಷೆಯ ಮೇಲ್ ಬಂತಾ ನೋಡಿ. ಡಿಸ್ಕ್‌ಗೆ ತಿಂಗಳಿಗೊಮ್ಮೆ ಸ್ಮಾರ್ಟ್ ಟೆಸ್ಟ್, ಮೂರು ತಿಂಗಳಿಗೊಮ್ಮೆ ಡೇಟಾ ಸ್ಕ್ರಬಿಂಗ್ (ಬರೆದಿಟ್ಟ ಮಾಹಿತಿಯನ್ನೆಲ್ಲ ಓದಿ ಹಾಳಾಗಿದೆಯಾ ನೋಡುವುದು) ತಾನಾಗಿ ನಡೆಯುವಂತೆ ಹಾಕಿ.

ಪೆಂಡಿಂಗ್ ಸೆಕ್ಟರ್ ಏರುತ್ತಿದೆ, ಡಿಸ್ಕ್ ಟಕ್ ಟಕ್ ಅನ್ನುತ್ತಿದೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದೆ, ಫೈಲುಗಳ ಹೆಸರಿನ ಕೊನೆಗೆ ಗುರುತಿಲ್ಲದ ಅಕ್ಷರಗಳು ಸೇರಿವೆ: ಇದರಲ್ಲಿ ಕೊನೆಯದು ರ‍್ಯಾನ್ಸಮ್‌ವೇರ್. ತಕ್ಷಣ ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ಯುಎಸ್‌ಬಿ ಬ್ಯಾಕಪ್ ಡಿಸ್ಕನ್ನು ಆ ನ್ಯಾಸ್‌ಗೆ ಚುಚ್ಚಲೇಬೇಡಿ.

ಬೀಪ್ ಅನ್ನುತ್ತಾ ಡಿಗ್ರೇಡೆಡ್ ಅಂತ ತೋರಿಸಿದರೆ ಒಂದು ಡಿಸ್ಕ್ ಹೋಗಿದೆ ಅಂತ ಅರ್ಥ. ಹೊಸ ಡಿಸ್ಕ್ ತರಲು ಓಡುವ ಮುಂಚೆ ಯುಎಸ್‌ಬಿ ಬ್ಯಾಕಪ್ ಓಡಿಸಿ, ಯಾಕೆಂದರೆ ರಿಪೇರ್ ನಡೆಯುವಾಗ ಉಳಿದ ಒಂದು ಡಿಸ್ಕ್ ಗಂಟೆಗಟ್ಟಲೆ ಬಿಡದೆ ಓದಬೇಕು, ಅದೂ ಅದೇ ವಯಸ್ಸಿನದು. ಆಮೇಲೆ ನೋಟ್‌ಬುಕ್‌ನಲ್ಲಿರುವ ಸೀರಿಯಲ್ ನಂಬರ್ ಸ್ಟೋರೇಜ್ ಮ್ಯಾನೇಜರ್ ತೋರಿಸುವ ನಂಬರಿಗೆ ಹೊಂದುತ್ತದಾ ನೋಡಿ, ಕೆಟ್ಟಿದ್ದನ್ನೇ ತೆಗೆಯುತ್ತಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ. ಒಳ್ಳೆಯದನ್ನು ಎಳೆದರೆ ವಾಲ್ಯೂಮ್ ಅಲ್ಲೇ ಬೀಳುತ್ತದೆ. ಅದೇ ಗಾತ್ರದ್ದು ಅಥವಾ ದೊಡ್ಡದು ಹಾಕಿ, ರಿಪೇರ್ ಒತ್ತಿ, ಅದು ಮುಗಿಯುವ ತನಕ ನ್ಯಾಸ್ ಆಫ್ ಮಾಡಬೇಡಿ.